ಮಲ್ಪೆ: ಹಡಗಿನ ಕತೆ, ದಡದ ಜನ

ಮಲ್ಪೆಯ ಚರಿತ್ರೆ ಹೇಳಿ ಎಂದು ಯಾರನ್ನು ಕೇಳಿದರೂ ಹಡಗಿನಿಂದಲೇ ಶುರು ಮಾಡುತ್ತಾರೆ. ಉಡುಪಿ ಕೃಷ್ಣಮಠದ ಭಕ್ತರನ್ನು ಕೇಳಿದರೆ ದ್ವಾರಕೆಯಿಂದ ಬಂದ ಹಡಗು. ಪ್ರವಾಸಿಗರನ್ನು ಕರೆದೊಯ್ಯುವವರನ್ನು ಕೇಳಿದರೆ ಪೋರ್ಚುಗಲ್ಲಿನಿಂದ ಬಂದ ಹಡಗು. ಮೀನುಗಾರಿಕೆ ಇಲಾಖೆಯವರನ್ನು ಕೇಳಿದರೆ ಬಂದರಿನಲ್ಲಿ ನಿಂತ ಬೋಟುಗಳ ಲೆಕ್ಕ. ಬಂದ ಹಡಗನ್ನು ದಡದಲ್ಲಿ ನಿಂತು ನೋಡಿದವರು ಯಾರು, ಅವರು ಯಾವ ದೈವಕ್ಕೆ ಕೈ ಮುಗಿಯುತ್ತಿದ್ದರು, ಹಡಗು ಹೋದ ಮೇಲೆ ಏನು ಮಾಡಿಕೊಂಡಿದ್ದರು ಎಂಬ ಮಾತು ಎಲ್ಲೂ ಬರುವುದಿಲ್ಲ. ರಂಪಣಿ ಬಲೆ ಎಳೆದ ತಲೆಮಾರು ಒಂದೊಂದೇ ಮನೆಯಿಂದ ಮರೆಯಾಗುತ್ತಿದೆ. ಅವರು ಇರುವಾಗಲೇ ಈ ಊರಿನ ಕತೆಯನ್ನು ದಡದ ಕಡೆಯಿಂದ ಒಮ್ಮೆ ಹೇಳಿಬಿಡಬೇಕು ಎಂಬ ಆಸೆಯಿಂದ ಬರೆದದ್ದು ಇದು.

ಲೆಕ್ಕಪತ್ರದ ಮಲ್ಪೆ

ಮೊದಲು ಕಾಗದದಲ್ಲಿರುವುದನ್ನು ಹೇಳಿ ಮುಗಿಸುತ್ತೇನೆ. ಉಡುಪಿ ಪೇಟೆಯಿಂದ ಪಶ್ಚಿಮಕ್ಕೆ ಸುಮಾರು 6 ಕಿಲೋಮೀಟರ್. ಮಂಗಳೂರಿನಿಂದ ಉತ್ತರಕ್ಕೆ 60 ಚಿಲ್ಲರೆ. ಆಡಳಿತ ಉಡುಪಿ ನಗರಸಭೆಯದು. 1997ರ ಆಗಸ್ಟ್‌ವರೆಗೆ ದಕ್ಷಿಣ ಕನ್ನಡ ಜಿಲ್ಲೆ, ಆಮೇಲೆ ಉಡುಪಿ ಜಿಲ್ಲೆ. ರಾಜ್ಯದ 320 ಕಿಲೋಮೀಟರ್ ಕರಾವಳಿಯಲ್ಲಿ ಈ ಜಿಲ್ಲೆಯ ಪಾಲು 98. ಮಳೆ ವರ್ಷಕ್ಕೆ 4000 ಮಿಲಿಮೀಟರ್ ಮೀರುತ್ತದೆ. ಉದ್ಯಾವರ ಹೊಳೆ ಕಡಲು ಸೇರುವ ಅಳಿವೆಯ ಒಳಗೆ ಬಂದರು. ಹೊಳೆಗೂ ಕಡಲಿಗೂ ನಡುವೆ ಉದ್ದಕ್ಕೆ ಚಾಚಿದ ಮರಳಿನ ಪಟ್ಟಿಯೇ ಪಡುಕೆರೆ. ರೈಲಿಗೆ ಇಂದ್ರಾಳಿ, ವಿಮಾನಕ್ಕೆ ಬಜಪೆ. ಶಾಲೆ, ಬ್ಯಾಂಕು, ಅಂಚೆ ಕಚೇರಿ ಎಲ್ಲ ಊರಿನಲ್ಲಿ ಇರುವ ಹಾಗೆ ಇಲ್ಲೂ ಇವೆ. 2016ರಲ್ಲಿ ಬೀಚಿಗೆ ಪುಕ್ಕಟೆ ವೈಫೈ ಬಂದಾಗ ದೇಶದಲ್ಲೇ ಮೊದಲು ಎಂದು ಪತ್ರಿಕೆಗಳು ಬರೆದವು.

ವಡಭಾಂಡೇಶ್ವರ

ಬೀಚಿಗೆ ಬರುವ ಬಸ್ಸುಗಳು ವಡಭಾಂಡೇಶ್ವರವನ್ನು ದಾಟಿಯೇ ಬರುತ್ತವೆ. ಇಳಿದವರಲ್ಲಿ ಅರ್ಧಕ್ಕರ್ಧ ಜನ ದೇವಸ್ಥಾನದತ್ತ ತಿರುಗಿಯೂ ನೋಡುವುದಿಲ್ಲ. ಒಳಗಿರುವ ದೇವರು ಬಲರಾಮ. ಕೃಷ್ಣನಿಗೆ ದೇಶವಿಡೀ ಗುಡಿಗಳಿವೆ. ಅಣ್ಣನಿಗೆ ಬೇರೆಯೇ ಗುಡಿ ಇರುವುದು ಅಪರೂಪ.

ಐತಿಹ್ಯ ಇಲ್ಲಿಯ ಮಕ್ಕಳಿಗೂ ಗೊತ್ತು. ದ್ವಾರಕೆಯ ಕಡೆಯಿಂದ ಬಂದ ಹಡಗೊಂದು ಮಲ್ಪೆಯ ಎದುರು ಬಿರುಗಾಳಿಗೆ ಸಿಕ್ಕಿತು. ದಡದಲ್ಲಿದ್ದ ಮಧ್ವಾಚಾರ್ಯರು ತಮ್ಮ ಉತ್ತರೀಯವನ್ನು ಬೀಸಿದರು. ಗಾಳಿ ಅಡಗಿ ಹಡಗು ದಡ ಸೇರಿತು. ಪ್ರಾಣ ಉಳಿದ ನಾವಿಕ ಏನು ಬೇಕಾದರೂ ಕೇಳಿ ಎಂದ. ಆಚಾರ್ಯರು ಕೇಳಿದ್ದು ಹಡಗಿನ ತಳದಲ್ಲಿದ್ದ ಗೋಪೀಚಂದನದ ಹೆಂಟೆಗಳನ್ನು. ಅವುಗಳ ಒಳಗಿದ್ದವು ಬಲರಾಮ ಮತ್ತು ಕೃಷ್ಣರ ವಿಗ್ರಹಗಳು. ಬಲರಾಮ ಇಲ್ಲೇ ಉಳಿದ. ಕೃಷ್ಣನನ್ನು ಆಚಾರ್ಯರು ದ್ವಾದಶ ಸ್ತೋತ್ರವನ್ನು ಹೇಳುತ್ತ ಉಡುಪಿಗೆ ಹೊತ್ತೊಯ್ದರು. ಮಧ್ವರ ಕಾಲ 1238ರಿಂದ 1317 ಎಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ.

ಈ ಕತೆಯಲ್ಲಿ ಎಲ್ಲರೂ ವಿಗ್ರಹವನ್ನು ನೋಡುತ್ತಾರೆ. ನನಗೆ ಆ ಮಣ್ಣಿನ ಮೇಲೆ ಕಣ್ಣು. ಗೋಪೀಚಂದನ ಎಂದರೆ ದ್ವಾರಕೆಯ ಕಡೆ ಸಿಗುವ ಹಳದಿ ಮಿಶ್ರಿತ ಮಣ್ಣು, ವೈಷ್ಣವರ ನಾಮದ ಮಣ್ಣು. ಹಾಯಿ ಹಡಗಿನಲ್ಲಿ ಸರಕು ಕಡಿಮೆಯಿದ್ದರೆ ಅದು ಗಾಳಿಗೆ ಮಗುಚದಂತೆ ತಳಕ್ಕೆ ಭಾರ ತುಂಬಬೇಕು. ಕಲ್ಲೋ ಮಣ್ಣೋ, ಅಗ್ಗಕ್ಕೆ ಸಿಕ್ಕಿದ್ದು. ಐತಿಹ್ಯದ ಹೆಂಟೆ ಹಡಗಿನಲ್ಲಿ ಇದ್ದದ್ದು ಹಾಗೆ, ಭಾರಕ್ಕೆ. ಕತೆ ಕಟ್ಟಿದವರಿಗೆ ಹಡಗಿನ ಹೊಟ್ಟೆಯಲ್ಲಿ ಏನಿರುತ್ತದೆ ಎಂಬುದು ಚೆನ್ನಾಗಿ ಗೊತ್ತಿತ್ತು. ಗುಜರಾತಿನ ಕಡಲಿಗೂ ತುಳುನಾಡಿನ ಅಳಿವೆಗಳಿಗೂ ಹೋಗಿಬರುವ ಹಾದಿ ಇದ್ದ ಊರಿನಲ್ಲಿ ಮಾತ್ರ ಇಂಥ ಕತೆ ಹುಟ್ಟೀತು. ಭಕ್ತರಿಗೆ ಇದು ಪವಾಡ. ಊರಿನ ಚರಿತ್ರೆ ಬರೆಯುವವನಿಗೆ ಮಲ್ಪೆ ಬಂದರಾಗಿತ್ತು ಎಂಬುದಕ್ಕೆ ಬಾಯಿಮಾತಿನ ಸಾಕ್ಷಿ.

ಅಮಾವಾಸ್ಯೆಯ ದಿನ ಬೆಳಿಗ್ಗೆ ಬಂದರೆ ಬೇರೆಯೇ ಮಲ್ಪೆ ಕಾಣುತ್ತದೆ. ಒಳನಾಡಿನ ಊರುಗಳಿಂದ ಬಂದವರು ಕಡಲಲ್ಲಿ ಮೂರು ಮುಳುಗು ಹಾಕಿ, ಒದ್ದೆ ಬಟ್ಟೆಯಲ್ಲೇ ಗುಡಿಯ ಕಡೆ ನಡೆಯುತ್ತಾರೆ. ಆ ಹೊತ್ತಿಗೆ ಬಾಳೆಹಣ್ಣಿನ ಆಕಾರದ ರಬ್ಬರ್ ದೋಣಿಗೆ ಗಾಳಿ ತುಂಬುವ ಹುಡುಗರು ಇನ್ನೂ ಎದ್ದಿರುವುದಿಲ್ಲ. ಆಗಸ್ಟಿನಲ್ಲಿ ಮೀನುಗಾರಿಕೆ ಮತ್ತೆ ಶುರುವಾಗುವ ಹೊತ್ತಿಗೆ ಇಲ್ಲಿಯ ಮೀನುಗಾರ ಸಮುದಾಯವಾದ ಮೊಗವೀರರು ನಡೆಸುವ ಸಮುದ್ರಪೂಜೆಗೂ ಹೊರಡುವುದು ವಡಭಾಂಡೇಶ್ವರದಿಂದಲೇ. ಕಡಲಿಗೆ ಹಾಲು ಎರೆದು, ತೆಂಗಿನಕಾಯಿ ಬಿಟ್ಟು, ಹೂವು ಹಾಕಿ ಕೈಮುಗಿಯುತ್ತಾರೆ.

ದಡದವರದೇ ಹಡಗಿನ ಕತೆ

ಹಾಗೆಂದು ದಡದ ಜನ ತಮ್ಮ ಹಡಗಿನ ಕತೆಯನ್ನೇ ಹೇಳಿಕೊಳ್ಳಲಿಲ್ಲ ಎಂದಲ್ಲ. ಬೊಬ್ಬರ್ಯ ಎಂಬ ದೈವದ ಪಾಡ್ದನ, ಅಂದರೆ ತುಳುವಿನ ಕಥನ ಹಾಡು, ಅಂಥದು. ತುಳುನಾಡಿನ ಕಡಲ ತಡಿಯ ಉದ್ದಕ್ಕೂ ಮೊಗವೀರರ ಪಟ್ಣಗಳಲ್ಲಿ ಬೊಬ್ಬರ್ಯನ ಗುಡಿಗಳಿವೆ. ದೊಡ್ಡ ಗೋಪುರ, ರಥ ಇಲ್ಲದ ಗುಡಿಗಳು. ಪ್ರವಾಸಿ ನಕ್ಷೆಯಲ್ಲಿ ಇವಕ್ಕೆ ಚುಕ್ಕಿಯೂ ಇಲ್ಲ.

ಪಾಡ್ದನದ ಪಾಠಗಳು ಊರಿಂದೂರಿಗೆ ಬೇರೆ. ಬಹುಪಾಲು ಪಾಠಗಳಲ್ಲಿ ಬೊಬ್ಬರ್ಯನ ತಂದೆ ಮುಸ್ಲಿಂ ವ್ಯಾಪಾರಿ, ಬ್ಯಾರಿ. ತಾಯಿ ಜೈನ ಮನೆತನದಲ್ಲಿ ಹುಟ್ಟಿ ಆ ವ್ಯಾಪಾರಿಯ ಕೈಹಿಡಿದವಳು. ಮಗ ಹಡಗು ಕಟ್ಟಿಸಿ ವ್ಯಾಪಾರಕ್ಕೆ ಹೊರಟ, ಕಡಲಿನಲ್ಲೇ ಮಾಯವಾದ, ದೈವವಾಗಿ ದಡಕ್ಕೆ ಬಂದ. ಹೀಗೆ ಬಂದವನನ್ನು ನಂಬಿದವರು ಮೊಗವೀರರು. ಬಲೆ ಬೀಸುವ ಮೊದಲು ನೆನೆಯುವುದು ಅವನನ್ನು, ಹೋದ ದೋಣಿ ಬಾರದಿದ್ದರೆ ಹರಕೆ ಹೇಳುವುದು ಅವನಿಗೆ.

ಈ ದೈವದ ಹುಟ್ಟನ್ನು ಇತ್ತೀಚೆಗೆ ಕೆಲವರು ಬೇರೆ ಥರ ಹೇಳಲು ಶುರು ಮಾಡಿದ್ದಾರೆ. ತಂದೆಯ ಹೆಸರನ್ನು ನುಂಗಿಬಿಡುತ್ತಾರೆ. ಪಾಡ್ದನ ಹೇಳುವ ಅಜ್ಜಿಯರಿಗೆ ಆ ಸಂಕೋಚ ಇರಲಿಲ್ಲ. ಅರಬ್ಬಿ ಕಡಲಿನ ವ್ಯಾಪಾರದ ಊರಿನಲ್ಲಿ ಬ್ಯಾರಿ ವ್ಯಾಪಾರಿ, ಜೈನ ಹೆಣ್ಣು, ಮೊಗವೀರ ಭಕ್ತ ಒಂದೇ ಕತೆಯಲ್ಲಿ ಸೇರುವುದು ಆಶ್ಚರ್ಯದ ಮಾತೇ ಅಲ್ಲ. ಮಲ್ಪೆಯ ಸುತ್ತ ಈಗಲೂ ಅದೇ ನೆರೆಹೊರೆ ಇದೆ: ವಡಭಾಂಡೇಶ್ವರ, ಕಲ್ಮಾಡಿಯ ಸ್ಟೆಲ್ಲಾ ಮಾರಿಸ್ ಇಗರ್ಜಿ, ತೊಟ್ಟಂನ ಸಂತ ಅನ್ನಮ್ಮನ ಇಗರ್ಜಿ, ಮಸೀದಿ, ದೈವದ ಗುಡಿಗಳು. ಎಲ್ಲರ ಮನೆಯ ಅಡುಗೆಗೂ ಮೀನು ಬರುವುದು ಒಂದೇ ಬಂದರಿನಿಂದ.

ವಾಸ್ಕೋ ಡ ಗಾಮ ಬಂದದ್ದು ಯಾವಾಗ?

ಇನ್ನು ತಕರಾರಿನ ವಿಷಯ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಬೋಟಿನಲ್ಲಿ, ಪ್ರವಾಸಿ ಕರಪತ್ರಗಳಲ್ಲಿ, ಮಕ್ಕಳ ಪ್ರಬಂಧಗಳಲ್ಲಿ ಒಂದೇ ಮಾತು: ವಾಸ್ಕೋ ಡ ಗಾಮ 1498ರಲ್ಲಿ ಭಾರತದಲ್ಲಿ ಮೊದಲು ಕಾಲಿಟ್ಟದ್ದು ಈ ದ್ವೀಪದ ಮೇಲೆ, ಇಲ್ಲಿ ಶಿಲುಬೆ ನೆಟ್ಟು, ಸಂತ ಮೇರಿಯ ಹೆಸರಿಟ್ಟು, ಆಮೇಲೆ ಕಲ್ಲಿಕೋಟೆಗೆ ಹೋದ. ಊರಿನ ಅಭಿಮಾನಕ್ಕೆ ಹಿತವಾದ ಮಾತು. ದಾಖಲೆ ಹೀಗೆ ಹೇಳುವುದಿಲ್ಲ.

ಆ ಯಾತ್ರೆಯಲ್ಲಿ ಇದ್ದವನೇ ಬರೆದ ದಿನಚರಿಯೊಂದು ಉಳಿದಿದೆ. ಬರೆದವನು ಅಲ್ವಾರೊ ವೆಲ್ಯೊ ಎಂದು ಹಲವರು ಊಹಿಸುತ್ತಾರೆ. ಹಸ್ತಪ್ರತಿ ಪೋರ್ಚುಗಲ್ಲಿನ ಪೋರ್ಟೊ ನಗರದ ಗ್ರಂಥಾಲಯದಲ್ಲಿದೆ. ಅದರ ಇಂಗ್ಲಿಷ್ ಅನುವಾದವನ್ನು ರೇವನ್‌ಸ್ಟೈನ್ ಎಂಬ ಭೂಗೋಳತಜ್ಞ ಟಿಪ್ಪಣಿ ಸಹಿತ 1898ರಲ್ಲಿ ಹ್ಯಾಕ್ಲೂಟ್ ಸೊಸೈಟಿಗಾಗಿ ಪ್ರಕಟಿಸಿದ. ನೂರು ವರ್ಷಕ್ಕೂ ಹಿಂದಿನ ಆ ಪುಸ್ತಕವನ್ನು ಈಗ ಯಾರು ಬೇಕಾದರೂ ಓದಬಹುದು.

ಅದರ ಪ್ರಕಾರ ಗಾಮನ ಹಡಗುಗಳು ಕಲ್ಲಿಕೋಟೆಯ ಬಳಿ ಲಂಗರು ಹಾಕಿದ್ದು 1498ರ ಮೇ 20ರಂದು. ಅಲ್ಲಿ ಮೂರು ತಿಂಗಳು ಕಳೆದು, ಅಲ್ಲಿಯ ಅರಸ ಸಾಮೂತಿರಿಯ ಜೊತೆ ಮನಸ್ತಾಪ ಮಾಡಿಕೊಂಡು, ಆಗಸ್ಟ್ 29ರಂದು ಹಾಯಿ ಎತ್ತಿದರು. ಗಾಳಿ ಸರಿಯಿರಲಿಲ್ಲ, ಕರಾವಳಿಯ ಗುಂಟ ಉತ್ತರಕ್ಕೆ ನಿಧಾನವಾಗಿ ಸರಿಯುತ್ತ ಬಂದರು. ಸೆಪ್ಟೆಂಬರ್ 15, ಶನಿವಾರ, ದಡದಿಂದ ಸುಮಾರು ಎರಡು ಲೀಗ್ ದೂರದಲ್ಲಿ ಕೆಲವು ನಡುಗಡ್ಡೆಗಳು ಕಂಡವು. ಒಂದು ದೋಣಿ ಇಳಿಸಿ, ಅವುಗಳಲ್ಲೊಂದರ ಮೇಲೆ ಕಲ್ಲಿನ ಕಂಬ ನೆಟ್ಟು ‘ಸಾಂತಾ ಮರಿಯಾ’ ಎಂದು ಹೆಸರಿಟ್ಟರು. ಅಂಥ ಮೂರು ಕಂಬಗಳನ್ನು ಸಂತ ರಾಫೆಲ್, ಸಂತ ಗಾಬ್ರಿಯೆಲ್, ಸಂತ ಮೇರಿ ಎಂಬ ಹೆಸರಿನಲ್ಲಿ ನೆಡಬೇಕೆಂದು ಅವರ ಅರಸನ ಆಜ್ಞೆ ಇತ್ತು. ಇದು ಮೂರನೆಯದು. ಅಲ್ಲಿಂದ ಮುಂದೆ ಹೋಗಿ ಅವರು ತಂಗಿದ್ದು ಕಾರವಾರದ ಹತ್ತಿರದ ಅಂಜದೀವ ದ್ವೀಪದಲ್ಲಿ.

ಅಂದರೆ ಗಾಮನ ಗುಂಪು ಇತ್ತ ಬಂದದ್ದು ಹೋಗುವಾಗಲ್ಲ, ಮರಳುವಾಗ. ಇಲ್ಲಿ ಮೊದಲ ಹೆಜ್ಜೆಯ ಮಾತೇ ಬರುವುದಿಲ್ಲ. ಇನ್ನೊಂದು ವಿಷಯ: ದಿನಚರಿಯಲ್ಲಿ ಮಲ್ಪೆ ಎಂಬ ಹೆಸರಿಲ್ಲ. ಆ ನಡುಗಡ್ಡೆ ಇದೇ ಎಂದು ಗುರುತಿಸಿದವರು ರೇವನ್‌ಸ್ಟೈನ್‌ನಂಥ ಟಿಪ್ಪಣಿಕಾರರು. ಮೊದಲು ಮತ್ತು ನಂತರದ ನೆಲೆಗಳು, ದಡದಿಂದ ಇರುವ ದೂರ ನೋಡಿ ಗುರುತಿಸಿದ್ದು. ಎರಡು ಲೀಗ್ ಎಂದರೆ ಹತ್ತು ಕಿಲೋಮೀಟರಿಗೂ ಹೆಚ್ಚು. ನಮ್ಮ ದ್ವೀಪ ಅಷ್ಟು ದೂರ ಇಲ್ಲ. ನಾವಿಕನ ಕಣ್ಣಳತೆ ಎಂದು ಒಪ್ಪಿಕೊಂಡರೆ ಉಳಿದದ್ದೆಲ್ಲ ಹೊಂದುತ್ತದೆ. ಆ ಕಂಬ ಈಗ ದ್ವೀಪದಲ್ಲಿ ಕಾಣುವುದಿಲ್ಲ.

ದಿನಚರಿಯ ಆ ಪುಟದಲ್ಲಿ ಇನ್ನೂ ಒಂದು ಸಂಗತಿ ಇದೆ. ಕರಪತ್ರ ಬರೆಯುವವರು ಅದನ್ನು ಬಿಟ್ಟೇ ಬಿಟ್ಟಿದ್ದಾರೆ. ಹಡಗುಗಳು ಅಲ್ಲಿರುವಾಗ ದಡದಿಂದ ಹಲವು ದೋಣಿಗಳು ಮೀನು ಮಾರಲು ಬಂದವು. ಗಾಮ ಅವರನ್ನು ಆದರಿಸಿ ಅಂಗಿಗಳನ್ನು ಕೊಟ್ಟ. ದ್ವೀಪದ ಮೇಲೆ ಕಂಬ ನಿಲ್ಲಿಸಿದರೆ ನಿಮಗೆ ಸಂತೋಷವೇ ಎಂದು ಕೇಳಿದ. ಬಹಳ ಸಂತೋಷ, ಕಂಬ ನೆಟ್ಟರೆ ನೀವೂ ನಮ್ಮಂತೆ ಕ್ರೈಸ್ತರೆಂದು ಖಚಿತವಾಗುತ್ತದೆ ಎಂದು ಅವರು ಹೇಳಿದರಂತೆ.

ಇದರಲ್ಲಿ ಎಷ್ಟು ನಂಬಬೇಕು? ಮುಸ್ಲಿಮರಲ್ಲದ ಭಾರತೀಯರೆಲ್ಲ ಯಾವುದೋ ಬಗೆಯ ಕ್ರೈಸ್ತರೇ ಎಂದು ಆಗ ಪೋರ್ಚುಗೀಸರು ತಿಳಿದಿದ್ದರು. ಕಲ್ಲಿಕೋಟೆಯ ದೇವಸ್ಥಾನವೊಂದನ್ನು ಇಗರ್ಜಿ ಎಂದುಕೊಂಡು ಪ್ರಾರ್ಥನೆಯನ್ನೂ ಮಾಡಿ ಬಂದಿದ್ದರು. ಮೀನು ಮಾರಲು ಬಂದವರಿಗೆ ಪೋರ್ಚುಗೀಸ್ ಬಾರದು, ಇವರಿಗೆ ತುಳು ಬಾರದು. ನಡುವೆ ಯಾರು ಏನು ತಿಳಿದುಕೊಂಡರೋ! ಆದರೆ ಮೀನು, ದೋಣಿ, ಅಂಗಿ ಇವಿಷ್ಟು ಕಲ್ಪನೆ ಇರಲಾರದು. ಮಳೆಗಾಲ ಇಳಿಯುವ ಸೆಪ್ಟೆಂಬರಿನಲ್ಲಿ ದೋಣಿ ಇಳಿಸಿ, ಪರದೇಶಿ ಹಡಗು ಕಂಡರೆ ಹೆದರದೆ ಹತ್ತಿರ ಹೋಗಿ, ಮೀನಿಗೆ ಬೆಲೆ ಕಟ್ಟಿದವರು ಈ ಕಡಲ ತಡಿಯವರು. ಮಲ್ಪೆಯ ಮೀನುಗಾರ ಲಿಖಿತ ಚರಿತ್ರೆಯೊಳಗೆ ಬಂದದ್ದು, ನಾನು ಕಂಡ ಮಟ್ಟಿಗೆ, ಅಲ್ಲಿಯೇ. ಹೆಸರಿಲ್ಲದೆ, ಕೈಯಲ್ಲಿ ಮೀನು ಹಿಡಿದುಕೊಂಡು. ಮೊದಲ ಹೆಜ್ಜೆಯ ಸುಳ್ಳು ಹೆಮ್ಮೆಗಿಂತ ಈ ನಿಜವಾದ ಸಾಲು ನಮ್ಮ ಊರಿಗೆ ಹೆಚ್ಚು ಗೌರವದ್ದಲ್ಲವೇ?

ಕಲ್ಲಿನ ಕಂಬಗಳು

ಗಾಮನ ಕಂಬ ಹೋಯಿತು. ದ್ವೀಪದಲ್ಲಿ ಅದಕ್ಕಿಂತ ಹಳೆಯ ಕಂಬಗಳು ನಿಂತಿವೆ. ಸೇಂಟ್ ಮೇರೀಸ್ ಎಂದರೆ ಒಂದೇ ದ್ವೀಪವಲ್ಲ, ನಾಲ್ಕು ದೊಡ್ಡವು, ಕೆಲವು ಮರಿಗಳು. ಪ್ರವಾಸಿಗರು ಇಳಿಯುವುದು ತೆಂಗಿನ ಮರಗಳಿರುವ ದ್ವೀಪದಲ್ಲಿ. ಅರ್ಧ ಕಿಲೋಮೀಟರ್ ಉದ್ದ, ನೂರು ಮೀಟರ್ ಅಗಲ. ಮರಳಿನ ಬದಲು ಕೆಲವು ಕಡೆ ಬರೀ ಚಿಪ್ಪು. ಕಾಲಿಟ್ಟರೆ ಕರಕರ ಎನ್ನುತ್ತದೆ. ಬಂಡೆಗಳು ಐದು, ಆರು, ಏಳು ಮುಖದ ಕಂಬಗಳಾಗಿ ಸೀಳಿಕೊಂಡಿವೆ. ಕೆಲವು ಮೊಣಕಾಲೆತ್ತರ, ಕೆಲವು ಮನೆಯ ಮಾಡಿನಷ್ಟು ಎತ್ತರ. ಲಾವಾ ಆರುವಾಗ ಕುಗ್ಗಿ, ಬೇಸಗೆಯಲ್ಲಿ ಒಣಗಿದ ಕೆರೆಯ ಕೆಸರಿನಂತೆ ಬಿರುಕು ಬಿಟ್ಟು, ಆ ಬಿರುಕು ಆಳಕ್ಕೆ ಇಳಿದಾಗ ಹೀಗೆ ಕಂಬಗಳಾಗುತ್ತವೆ. ಭಾರತೀಯ ಭೂವಿಜ್ಞಾನ ಸರ್ವೇಕ್ಷಣ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಪಟ್ಟಿಗೆ ಸೇರಿಸಿದೆ.

ಇಲ್ಲೂ ಒಂದು ಸಣ್ಣ ತಕರಾರು. ದ್ವೀಪದ ಬಗ್ಗೆ ಬರೆದ ಬಹಳ ಕಡೆ ಇದು ‘ಬಸಾಲ್ಟ್’ ಶಿಲೆ. ಬಸಾಲ್ಟ್ ಎಂದ ಕೂಡಲೇ ಓದುಗರು ದಖನ್ನಿನ ಕಪ್ಪು ಕಲ್ಲಿಗೆ ಗಂಟು ಹಾಕುತ್ತಾರೆ. ಕಲ್ಲನ್ನು ಪರೀಕ್ಷಿಸಿದ ಭೂವಿಜ್ಞಾನಿಗಳ ಪ್ರಬಂಧಗಳು ಮಾತ್ರ ರಯೋಲೈಟ್, ರಯೋಡೇಸೈಟ್ ಎನ್ನುತ್ತವೆ. ಅಂದರೆ ಸಿಲಿಕಾ ಹೆಚ್ಚಿರುವ ಬೇರೆ ಜಾತಿಯ ಲಾವಾ. ವಯಸ್ಸೂ ಬೇರೆ. ದಖನ್ನಿನ ಲಾವಾ ಸುಮಾರು 6.6 ಕೋಟಿ ವರ್ಷದ್ದು. ಇದು ಸುಮಾರು 8.5ರಿಂದ 9 ಕೋಟಿ ವರ್ಷದ್ದು. ಭಾರತ ಮತ್ತು ಮಡಗಾಸ್ಕರ್ ಒಂದೇ ನೆಲವಾಗಿದ್ದು, ಬಿರಿದು ದೂರವಾದ ಕಾಲದ ಕಲ್ಲು ಇದು. ಮಡಗಾಸ್ಕರಿನಲ್ಲಿ ಇದೇ ವಯಸ್ಸಿನ ಲಾವಾ ಇದೆ. ಹೀಗೆ ಎದುರು ದಡದ ನಂಟು ಹೇಳುವ ಕಲ್ಲನ್ನು ದಖನ್ನಿನ ಲೆಕ್ಕಕ್ಕೆ ಬರೆದುಬಿಟ್ಟರೆ ಅದರ ಕತೆಯೇ ಹೋಗುತ್ತದೆ.

ಇನ್ನೊಂದು ನಡುಗಡ್ಡೆಗೆ ದರಿಯಾ ಬಹದೂರ್‌ಗಡ ಎಂದು ಹೆಸರು. ಬಿದನೂರಿನಿಂದ ಆಳುತ್ತಿದ್ದ ಕೆಳದಿ ವಂಶದ ಬಸಪ್ಪ ನಾಯಕ 18ನೇ ಶತಮಾನದಲ್ಲಿ ಕಟ್ಟಿಸಿದ ಕೋಟೆ ಅಲ್ಲಿತ್ತು. ಕೆಳದಿ ಅರಸರಿಗೆ ಕಡಲಿನ ಮೇಲೂ ಕಣ್ಣಿತ್ತು ಎಂಬುದಕ್ಕೆ ಅದು ಗುರುತು. ಈಗ ಪೊದೆ, ಹಾವು, ಬಿದ್ದ ಗೋಡೆ. ಪ್ರವಾಸಿ ಬೋಟು ಅತ್ತ ಹೋಗುವುದಿಲ್ಲ.

ಹೆಂಚು, ಮಂಜಿ, ತಾಳಮದ್ದಳೆ

ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು, ಮಲ್ಪೆಯಲ್ಲಿ 1886ರಲ್ಲಿ. ಹೊಳೆಯ ಆವೆಮಣ್ಣು, ಸುಡಲು ಕಟ್ಟಿಗೆ, ಸಾಗಿಸಲು ಕಡಲು, ಮೂರೂ ಇಲ್ಲಿ ಕೈಗೆಟಕುವಲ್ಲಿದ್ದವು. ಅಳಿವೆಯಿಂದ ಮಂಜಿ ಎಂಬ ಹಾಯಿ ಹಡಗುಗಳಲ್ಲಿ ಹೆಂಚು ಹೊರಟಿತು. ಮೊದಲ ಮಹಾಯುದ್ಧದಲ್ಲಿ ಮಿಷನ್‌ನ ಕಾರ್ಖಾನೆಗಳನ್ನು ಸರಕಾರ ವಶಪಡಿಸಿಕೊಂಡಿತು. ಮುಂದೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಸೋಗೆಯ ಮಾಡಿನ ಮನೆಗಳಿಗೆ ಹೆಂಚು ಬಂದದ್ದು, ಕಡಲ ಕೆಲಸ ಇಲ್ಲದ ತಿಂಗಳಲ್ಲಿ ಕೂಲಿ ಸಿಕ್ಕಿದ್ದು ಆ ಕಾಲದಲ್ಲಿ. ಈಗ ಹೆಂಚೂ ಹೋಗಿ ತಾರಸಿ ಬಂದಿದೆ. ಮಂಜಿಯನ್ನು ಕಂಡ ಕಣ್ಣುಗಳು ಬಹಳ ಉಳಿದಿಲ್ಲ.

ಹಡಗು ಕಟ್ಟುವ ಕೆಲಸ ಮಾತ್ರ ಊರು ಬಿಟ್ಟು ಹೋಗಿಲ್ಲ. ಬಂದರಿನ ಬಳಿ ಮೀನುಗಾರಿಕೆ ಬೋಟುಗಳನ್ನು ಈಗಲೂ ಕಟ್ಟುತ್ತಾರೆ. ನಿಂತುಹೋಗಿದ್ದ ದೊಡ್ಡ ಯಾರ್ಡೊಂದನ್ನು ಕೊಚ್ಚಿನ್ ಶಿಪ್‌ಯಾರ್ಡ್ 2020ರಲ್ಲಿ ಕೊಂಡು, ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂಬ ಹೆಸರಿನಲ್ಲಿ ನಡೆಸುತ್ತಿದೆ. ನಾರ್ವೆಯ ಕಂಪನಿಗೆ ಸರಕು ಹಡಗುಗಳನ್ನು ಕಟ್ಟುವ ಗುತ್ತಿಗೆಯೂ ಅದಕ್ಕೆ ಸಿಕ್ಕಿದೆ.

ಕಲೆಯ ಮಾತು ಬಂದರೆ ಒಂದೇ ಮನೆತನ ಸಾಕು. ಮಲ್ಪೆ ಶಂಕರನಾರಾಯಣ ಸಾಮಗರು ಮತ್ತು ಅವರ ತಮ್ಮ ರಾಮದಾಸ ಸಾಮಗರು, ಯಕ್ಷಗಾನದವರ ಬಾಯಲ್ಲಿ ದೊಡ್ಡ ಸಾಮಗರು ಮತ್ತು ಸಣ್ಣ ಸಾಮಗರು. ತಾಳಮದ್ದಳೆಯ ಅರ್ಥಗಾರಿಕೆಯಲ್ಲಿ ಅವರ ಮಾತಿಗೆ ರಾತ್ರಿಯಿಡೀ ಜನ ಕೂರುತ್ತಿದ್ದರು. ಊರಿನ ಹೆಸರನ್ನು ಮುಂದೆ ಇಟ್ಟುಕೊಂಡೇ ಅವರು ನಾಡಿನಲ್ಲೆಲ್ಲ ತಿರುಗಿದರು.

ರಂಪಣಿಯ ಮರಳು

ಈಗ ಚಾಪೆ ಹಾಸಿ ಚುರುಮುರಿ ತಿನ್ನುವ ಮರಳಿಗೆ ಬರೋಣ. ಇದು ಖಾಲಿ ಬಿದ್ದಿದ್ದ ಜಾಗವಲ್ಲ, ಕೆಲಸದ ಅಂಗಳ.

ರಂಪಣಿ ಎಂದರೆ ದಡದಿಂದ ಎಳೆಯುವ ದೊಡ್ಡ ಬಲೆ. ಒಬ್ಬ ಅನುಭವಿ ಕಡಲನ್ನು ನೋಡುತ್ತ ನಿಂತಿರುತ್ತಿದ್ದ. ನೀರಿನ ಬಣ್ಣ ಬದಲಾಯಿತೇ, ಹಕ್ಕಿ ಎರಗಿತೇ, ಬೂತಾಯಿಯ ಹಿಂಡೋ ಬಂಗುಡೆಯದೋ ಎಂದು ಅವನಿಗೆ ದೂರದಿಂದಲೇ ತಿಳಿಯುತ್ತಿತ್ತು. ಕೂಗು ಬಿದ್ದ ಕೂಡಲೇ ರಂಪಣಿ ದೋಣಿ ನೀರಿಗಿಳಿಯುತ್ತಿತ್ತು. ಹಗ್ಗದ ಒಂದು ತುದಿ ದಡದಲ್ಲಿ ಬಿಟ್ಟು, ಹಿಂಡನ್ನು ಬಳಸಿ ಅರ್ಧಚಂದ್ರದ ಹಾಗೆ ಬಲೆ ಬಿಡುತ್ತ, ದೂರದಲ್ಲಿ ಇನ್ನೊಂದು ತುದಿಯನ್ನು ದಡಕ್ಕೆ ತಂದರೆ ಎರಡೂ ಕಡೆ ಸಾಲು ಹಚ್ಚಿ ಎಳೆಯುವ ಕೆಲಸ ಶುರು. ಎಂಬತ್ತು, ನೂರು ಜನ ಬೇಕಾಗುತ್ತಿತ್ತು. ಒಮ್ಮೊಮ್ಮೆ ಮೀನು ಎಷ್ಟು ಬೀಳುತ್ತಿತ್ತೆಂದರೆ ಒಂದೇ ದಿನ ದಡಕ್ಕೆ ಹಾಕಿದರೆ ಕೊಳ್ಳುವವರಿಲ್ಲ. ಬಲೆಯನ್ನು ನೀರಲ್ಲೇ ಬೇಲಿಯಂತೆ ನಿಲ್ಲಿಸಿ, ಮೀನನ್ನು ಜೀವಂತ ಇಟ್ಟುಕೊಂಡು, ಬೇಕಾದಷ್ಟನ್ನು ದಿನದಿನ ತೆಗೆಯುತ್ತಿದ್ದರು. ಆಗ ಮಂಜುಗಡ್ಡೆ ಎಲ್ಲಿತ್ತು? ಕಡಲೇ ಕಣಜ. ಮಾರಿ ಮಿಕ್ಕಿದ ಬೂತಾಯಿ ತೆಂಗಿನ ಬುಡಕ್ಕೆ ಗೊಬ್ಬರ.

ಆ ಬಲೆ ಒಬ್ಬನ ಸೊತ್ತಲ್ಲ. ಮನೆಮನೆಯವರು ತಮ್ಮ ತಮ್ಮ ಬಲೆಯ ತುಂಡುಗಳನ್ನು ಸೇರಿಸಿ ಒಂದಾಗಿಸುತ್ತಿದ್ದರು. ಸಿಕ್ಕ ಮೀನಿನಲ್ಲಿ ತುಂಡಿಗೆ ತಕ್ಕ ಪಾಲು, ಎಳೆದ ಕೈಗೆ ಪಾಲು, ದೋಣಿಗೆ ಪಾಲು, ದೇವರಿಗೆ ಪಾಲು. ರಂಪಣಿ ಎಳೆದ ಹಿರಿಯರೊಬ್ಬರು ನನಗೆ ಹೇಳಿದ್ದು: “ಎಳೆದವನಿಗೆ ಪಾಲು. ಸುಮ್ಮನೆ ನೋಡುತ್ತ ನಿಂತವನಿಗೂ ಪದಾರ್ಥಕ್ಕಾಗುವಷ್ಟು ಮೀನು. ಬರಿಗೈಯಲ್ಲಿ ಕಳಿಸಿದರೆ ನಾಳೆ ಬಲೆಗೆ ಬೀಳುವುದಿಲ್ಲ.”

1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದವು. ದಡಕ್ಕೆ ಬರುವ ಮೊದಲೇ ಕಡಲಿನಲ್ಲೇ ಹಿಂಡನ್ನು ಸುತ್ತುವರಿದು ಎತ್ತುವ ಬಲೆ. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ನಿಂತವು. ದಡದಲ್ಲಿ ಜಗಳಗಳಾದವು, ಆಮೇಲೆ ರಂಪಣಿಯ ಪಾಲುದಾರರಲ್ಲಿ ಅನೇಕರು ಪರ್ಸೀನಿಗೇ ಪಾಲು ಹಾಕಿದರು. ಪರ್ಸೀನ್ ಬಂದು ಊರಿಗೆ ಹಣ ಬಂತು, ಮಂಜುಗಡ್ಡೆ ಕಾರ್ಖಾನೆ ಬಂತು, ಮಕ್ಕಳು ಕಾಲೇಜು ಕಂಡರು. ಅದನ್ನು ಅಲ್ಲಗಳೆದು ಹಳೆಯದೇ ಚಂದ ಎನ್ನುವುದು ಹೊಟ್ಟೆ ತುಂಬಿದವರ ಮಾತು. ಆದರೆ ನೂರು ಮನೆಯ ತುಂಡು ಸೇರಿ ಒಂದು ಬಲೆಯಾಗುತ್ತಿದ್ದ ವ್ಯವಸ್ಥೆ ಹೇಗೆ ನಡೆಯುತ್ತಿತ್ತು, ಜಗಳವಾದರೆ ಯಾರು ತೀರ್ಮಾನಿಸುತ್ತಿದ್ದರು, ಎಳೆಯುವಾಗ ಯಾವ ಪದ ಹೇಳುತ್ತಿದ್ದರು ಎಂಬುದನ್ನು ಬರೆದಿಟ್ಟದ್ದು ನನ್ನ ಕಣ್ಣಿಗೆ ಬೀಳಲಿಲ್ಲವಲ್ಲ, ಅದು ಬೇಸರ.

ಉಳಿದದ್ದು ಕೈರಂಪಣಿ, ಚಿಕ್ಕದು. ಪಡುಕೆರೆಯಲ್ಲಿ ಬೆಳಗಿನ ಹೊತ್ತು ಅದೃಷ್ಟವಿದ್ದರೆ ಕಾಣಸಿಗುತ್ತದೆ. ಎಳೆಯುವವರು ಕಡಲಿಗೆ ಮುಖ ಮಾಡಿ, ಹಗ್ಗವನ್ನು ಸೊಂಟಕ್ಕೆ ಕೊಟ್ಟು, ಹಿಮ್ಮಡಿಯನ್ನು ಮರಳಿಗೆ ಊರಿ ಹಿಂದೆ ಹಿಂದೆ ಸರಿಯುತ್ತಾರೆ. ಹಿಂದಿನ ತುದಿಗೆ ಬಂದವನು ಹಗ್ಗ ಬಿಟ್ಟು, ಓಡಿ, ನೀರಿನ ಅಂಚಿನಲ್ಲಿ ಮತ್ತೆ ಹಿಡಿಯುತ್ತಾನೆ. ಹೀಗೆ ಸಾಲು ತಿರುಗುತ್ತಲೇ ಇರುತ್ತದೆ. ಬಲೆಯ ಚೀಲ ದಡಕ್ಕೆ ಬರುವಾಗ ಮೊದಲು ಕಾಣುವುದು ಮೇಲೆ ಹಾರುವ ಹಕ್ಕಿಗಳು, ಆಮೇಲೆ ಬೆಳ್ಳಗೆ ಮಿನುಗುವ ಬೊಳೆಂಜಿರ್. ಬೆಂಗಳೂರಿನಿಂದ ಬಂದ ಮಕ್ಕಳು ಅಪ್ಪನ ಕೈ ಬಿಡಿಸಿಕೊಂಡು ಹಗ್ಗ ಹಿಡಿಯುತ್ತವೆ. ಯಾರೂ ಬೇಡ ಅನ್ನುವುದಿಲ್ಲ. ಹಿರಿಯರು ಹೇಳಿದ ಪಾಲಿನ ನ್ಯಾಯ ಅಷ್ಟರ ಮಟ್ಟಿಗೆ ಉಳಿದಿದೆ.

ಮನೆಮಂದಿಯ ಬೀಚು

ಮಕ್ಕಳನ್ನು ಕರೆದುಕೊಂಡು ಬರುವವರಿಗೆ ಮಲ್ಪೆ ಒಳ್ಳೆಯ ಕಡಲು. ದಡ ಅಗಲ, ಇಳಿಜಾರು ನಿಧಾನ. ಮಳೆಗಾಲ ಬಿಟ್ಟರೆ ಮೊಣಕಾಲುದ್ದ ನೀರಿನಲ್ಲಿ ಆಟ ಆಡಬಹುದು. ಒಂಟೆ ಸವಾರಿ, ಪ್ಯಾರಾಸೈಲಿಂಗ್, ಗೋಬಿ ಮಂಚೂರಿ, ಮೀನು ಫ್ರೈ ಎಲ್ಲ ಇದೆ. 2022ರಲ್ಲಿ ತೇಲುವ ಸೇತುವೆಯೂ ಬಂತು. ಉದ್ಘಾಟನೆಯಾದ ಕೆಲವೇ ದಿನಕ್ಕೆ ಅಲೆಗೆ ಸಿಕ್ಕಿ ಮುರಿಯಿತು. ಮೇ ತಿಂಗಳ ಕಡಲು ಹೇಗಿರುತ್ತದೆ ಎಂದು ದಡದ ಯಾವ ಮನೆಯಲ್ಲಿ ಕೇಳಿದ್ದರೂ ಹೇಳುತ್ತಿದ್ದರು. ಜೂನಿನಿಂದ ದಡದ ಉದ್ದಕ್ಕೆ ಬಲೆಯ ಬೇಲಿ, ಕೆಂಪು ಬಾವುಟ. ದ್ವೀಪದ ಬೋಟು ಬಂದ್. ಬೇಲಿ ಹಾರಿ ಫೋಟೊ ತೆಗೆಸಿಕೊಳ್ಳುವವರಿಗೆ ಒಂದೇ ಮಾತು: ಈ ಕಡಲಿನಲ್ಲಿ ಹುಟ್ಟಿ ಬೆಳೆದವರೇ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟು ಇಳಿಸುವುದಿಲ್ಲ. ಕಾನೂನು ಮೀನಿನ ಸಂತಾನಕ್ಕಾಗಿ ಬಂದದ್ದು. ಮಳೆಗಾಲದ ಕಡಲಿನ ಭಯ ಅದಕ್ಕಿಂತ ಹಳೆಯದು.

ಒಂದು ದಿನ ಹೆಚ್ಚಿದ್ದರೆ ಸುತ್ತ ನೋಡಿ. ಉತ್ತರಕ್ಕೆ ಕೋಡಿ ಬೆಂಗ್ರೆ, ಸುವರ್ಣಾ ಮತ್ತು ಸೀತಾ ಹೊಳೆಗಳು ಕಡಲು ಸೇರುವಲ್ಲಿ. ಒಂದು ಕಡೆ ಹೊಳೆ, ಒಂದು ಕಡೆ ಅಲೆ, ನಡುವೆ ರಸ್ತೆ. ದಕ್ಷಿಣಕ್ಕೆ ಪಡುಕೆರೆ ದಾಟಿದರೆ ಮಟ್ಟು. ಯತಿ ವಾದಿರಾಜರು ಕೊಟ್ಟ ಬೀಜ ಎಂದು ನಂಬಿಕೆಯಿರುವ, 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಮಟ್ಟುಗುಳ್ಳ ಎಂಬ ಬದನೆ ಬೆಳೆಯುವ ಊರು. ಇನ್ನೂ ಮುಂದೆ ಕಾಪುವಿನ ಬಂಡೆಯ ಮೇಲೆ 1901ರ ದೀಪಸ್ತಂಭ.

ಬಂದರಿಗೂ ಒಮ್ಮೆ ಹೋಗಿ, ಬೆಳಿಗ್ಗೆ ಬೇಗ. ಏಲಂ ಕೂಗುವ ಅವಸರ, ಮಂಜುಗಡ್ಡೆ ಪುಡಿ ಮಾಡುವ ಸದ್ದು, ಬುಟ್ಟಿ ಹೊತ್ತು ಉಡುಪಿ ಬಸ್ಸಿಗೆ ಓಡುವ ಹೆಂಗಸರು. ಮಕ್ಕಳಿಗೆ ಅಂಜಲ್, ಮಾಂಜಿ, ಕಾಣೆ, ಬೊಂಡಾಸಿನ ಗುರುತು ಹತ್ತಲಿ. 2018ರ ಡಿಸೆಂಬರ್ 13ರಂದು ಈ ಧಕ್ಕೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ಬೋಟು ಏಳು ಜನರೊಂದಿಗೆ ಮಹಾರಾಷ್ಟ್ರದ ಕಡಲಿನಲ್ಲಿ ಕಾಣೆಯಾಯಿತು. ನೌಕಾಪಡೆ ಅದರ ಅವಶೇಷವನ್ನು ಮಾಲ್ವಣದ ಎದುರು ಕಡಲ ತಳದಲ್ಲಿ ಕಂಡದ್ದು ಮರುವರ್ಷದ ಮೇ ತಿಂಗಳಲ್ಲಿ. ಅಷ್ಟು ದಿನ ಆ ಮನೆಗಳಲ್ಲಿ ಕಾದರು. ಹೋಟೆಲಿನಲ್ಲಿ ಮೀನಿನ ಬೆಲೆ ಜಾಸ್ತಿಯಾಯಿತೆಂದು ಗೊಣಗುವಾಗ ಇದೂ ನೆನಪಿರಲಿ.

ಕೇಳಿಕೊಳ್ಳುವುದು ಇಷ್ಟೇ

ಬೀಚಿನಲ್ಲಿ ಗಾಂಧೀಜಿಯ ಪ್ರತಿಮೆ ಇದೆ, ಸೆಲ್ಫಿಗೆ ಕಟ್ಟೆ ಇದೆ, ದೀಪಗಳಿವೆ. ಈ ಮರಳಿನಲ್ಲಿ ರಂಪಣಿ ಎಳೆಯುತ್ತಿದ್ದರು ಎಂದು ಹೇಳುವ ಒಂದು ಸಾಲು ನನ್ನ ಕಣ್ಣಿಗೆ ಬಿದ್ದಿಲ್ಲ. ದೊಡ್ಡ ಯೋಜನೆ ಬೇಡ. ದ್ವೀಪದ ಕತೆ ಹೇಳುವ ಕಡೆಯಲ್ಲೆಲ್ಲ ಮೂರು ವಾಕ್ಯ ತಿದ್ದಲಿ: ಗಾಮನ ಗುಂಪು ಬಂದದ್ದು 1498ರ ಸೆಪ್ಟೆಂಬರಿನಲ್ಲಿ, ಕಲ್ಲಿಕೋಟೆಯಿಂದ ಮರಳುವಾಗ, ಅವರನ್ನು ಎದುರುಗೊಂಡವರು ಮೀನು ತಂದ ಈ ಕಡಲ ತಡಿಯ ಜನ, ಕಲ್ಲು ದಖನ್ನಿನದಲ್ಲ, ಮಡಗಾಸ್ಕರಿನ ನಂಟಿನದು. ಎರಡನೆಯದಾಗಿ, ಬೀಚ್ ಉತ್ಸವದ ಖರ್ಚಿನಲ್ಲಿ ಒಂದು ಸಂಜೆಯ ಧ್ವನಿವರ್ಧಕದ ಹಣ ಉಳಿಸಿ, ರಂಪಣಿ ಎಳೆದ ಹಿರಿಯರನ್ನು ಮೊಬೈಲಿನ ಮುಂದೆ ಕೂರಿಸಿ ಮಾತಾಡಿಸಲಿ. ಕಾಲೇಜಿನ ಹುಡುಗರು ಈ ಕೆಲಸ ಒಂದು ರಜೆಯಲ್ಲಿ ಮಾಡಿಯಾರು. ಬೊಬ್ಬರ್ಯನ ಪಾಡ್ದನ ಬಲ್ಲ ಹೆಂಗಸರನ್ನು ಬಿಡಬಾರದು. ಕತೆಯನ್ನು ಅವರು ಹೇಳಿದ ಹಾಗೆಯೇ ಬರೆದುಕೊಳ್ಳಬೇಕು, ನಮಗೆ ಹಿತವಾಗುವ ಹಾಗೆ ಅಲ್ಲ.

ಐನೂರು ವರ್ಷದ ಹಿಂದೆ ಮೀನು ಕೊಂಡು, ಅಂಗಿ ಕೊಟ್ಟು, ಹೆಸರು ಬರೆದುಕೊಳ್ಳದೆ ಹೋದವರು ಭಾಷೆ ಬಾರದ ಪರದೇಶಿಗಳು. ನಮಗೆ ತುಳು ಬರುತ್ತದೆ. ಆ ನೆಪ ಹೇಳುವಂತಿಲ್ಲ.